ಮರ್ಯಾಳ ಬಿಳಿಯ ಉಡುಪು

ಮುದುಕ ಬೊಲ್ಕೊನ್‌ಸ್ಕಿಯ ಹೆಸರು ಬಂದರೆ ಸಾಕು, ನನಗೆ ಮೈ ಉರಿಯುತ್ತಿತ್ತು. ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯ ಮೊದಲ ಸಂಪುಟದಲ್ಲೇ ಆತ ಬರುತ್ತಾನೆ. ಒಂದು ಕಾಲಕ್ಕೆ ದೊಡ್ಡ ಸೇನಾಧಿಪತಿ. ಚಕ್ರವರ್ತಿ ಪಾವೆಲ್‌ನ ಆಳ್ವಿಕೆಯಲ್ಲಿ ಹಳ್ಳಿಗೆ ಗಡೀಪಾರಾದವನು, ಮುಂದೆ ಅಪ್ಪಣೆ ಸಿಕ್ಕರೂ ರಾಜಧಾನಿಯ ಕಡೆ ತಲೆ ಹಾಕದೆ ಲೀಸಿಯೆ ಗೋರಿ ಎಂಬ ತನ್ನ ಜಮೀನಿನಲ್ಲೇ ಉಳಿದುಬಿಡುತ್ತಾನೆ. ಗಡಿಯಾರ ನೋಡಿ ಊಟಕ್ಕೆ ಕೂರುತ್ತಾನೆ, ಲೇತ್ ಯಂತ್ರದಲ್ಲಿ ಮರ ಕಡೆಯುತ್ತಾನೆ, ಮಗಳು ಮರ್ಯಾಳಿಗೆ ತಾನೇ ರೇಖಾಗಣಿತ ಹೇಳಿಕೊಡುತ್ತಾನೆ. ಪಾಠದ ಹೊತ್ತಿಗೆ ಭಯದಿಂದ ಅವಳಿಗೆ ಕಣ್ಣು ಮಂಜಾಗುತ್ತದೆ, ಅಪ್ಪನ ಒಂದು ಮಾತೂ ತಲೆಗೆ ಹತ್ತುವುದಿಲ್ಲ. ಹೆಣ್ಣು ನೋಡಲು ಬಂದವರ ಎದುರಿನಲ್ಲೇ ಅವಳು ತಲೆ ಬಾಚಿಕೊಂಡ ರೀತಿಯನ್ನು ಹಂಗಿಸುತ್ತಾನೆ. ಯುದ್ಧಕ್ಕೆ ಹೊರಟ ಮಗ ಆಂದ್ರೇಗೆ, ನೀನು ಸತ್ತರೆ ನನಗೆ ನೋವಾಗುತ್ತದೆ, ಆದರೆ ನನ್ನ ಮಗನಿಗೆ ತಕ್ಕಂತೆ ನಡೆದುಕೊಳ್ಳಲಿಲ್ಲವೆಂದು ತಿಳಿದರೆ ನಾಚಿಕೆಯಾಗುತ್ತದೆ ಎನ್ನುತ್ತಾನೆ.

ಓ.ಎಲ್. ನಾಗಭೂಷಣ ಸ್ವಾಮಿಯವರ ಕನ್ನಡ ಅನುವಾದವನ್ನು ರಾತ್ರಿ ಅಡುಗೆಮನೆಯ ಕೆಲಸವೆಲ್ಲ ಮುಗಿದ ಮೇಲೆ ಓದುತ್ತಿದ್ದೆ. ಮೊದಮೊದಲು ಹೆಸರುಗಳೇ ಕಾಟ ಕೊಟ್ಟವು. ಯಾರು ಯಾರ ಮಗ, ಯಾರಿಗೆ ಯಾರು ಸೋದರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡೆ. ಕೆಲವು ವಾರ ಕಳೆಯುವಷ್ಟರಲ್ಲಿ ಆ ಹಾಳೆ ಬೇಕಾಗಲಿಲ್ಲ. ನಮ್ಮ ಬೀದಿಯ ಮನೆಗಳಷ್ಟೇ ಕಾದಂಬರಿಯ ಇನ್ನೊಂದು ಕುಟುಂಬವಾದ ರೊಸ್ತೋವರ ಮನೆಯೂ ಗೊತ್ತಾಗಿಬಿಟ್ಟಿತ್ತು.

ನಾನು ಹೇಳಬೇಕೆಂದಿರುವುದು ಆಷಾಢದ ಒಂದು ಭಾನುವಾರದ ಸಂಗತಿ. ಬೆಳಗಿನಿಂದ ಮಳೆ, ಕರೆಂಟ್ ಇರಲಿಲ್ಲ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಮೂರನೆಯ ಸಂಪುಟಕ್ಕೆ ಕೈ ಹಾಕಿದ್ದೆ. ಕಥೆಯಲ್ಲಿ ಅದು 1812. ನೆಪೋಲಿಯನ್ ಸ್ಮೊಲೆನ್‌ಸ್ಕ್ ಕಡೆಗೆ ಬರುತ್ತಿದ್ದಾನೆ. ಮುದುಕನಿಗೆ ರಾತ್ರಿ ನಿದ್ರೆಯಿಲ್ಲ. ಮಂಚ ಎಲ್ಲಿ ಹಾಕಿಸಬೇಕೆಂದು ಮನೆಯಿಡೀ ಸುತ್ತುತ್ತಾನೆ. ಯಾವ ಜಾಗವೂ ಹಿಡಿಸುವುದಿಲ್ಲ. ಕೆಟ್ಟ ಯೋಚನೆಗಳೆಲ್ಲ ಅಲ್ಲೇ ಬಂದಿದ್ದರಿಂದ ದಿನವೂ ಮಲಗುವ ಸೋಫಾ ಎಲ್ಲಕ್ಕಿಂತ ಅಸಹ್ಯ. ಕೊನೆಗೆ ಪಿಯಾನೋದ ಹಿಂದಿನ ಮೂಲೆ ಪರವಾಗಿಲ್ಲ ಅನ್ನಿಸುತ್ತದೆ, ಅಲ್ಲಿ ಅವನು ಇನ್ನೂ ಮಲಗಿರಲಿಲ್ಲ. ಎಷ್ಟೋ ಪುಟಗಳಿಂದ ಅವನ ಮೇಲೆ ಕಟ್ಟಿಕೊಂಡು ಬಂದಿದ್ದ ಸಿಟ್ಟು ಇಲ್ಲಿ ಸಡಿಲವಾಗತೊಡಗಿತು. ಕೆಲವೇ ಅಧ್ಯಾಯಗಳ ನಂತರ ಅವನಿಗೆ ಪಾರ್ಶ್ವವಾಯು ಬಡಿಯುತ್ತದೆ. ಬೊಗುಚಾರೊವೊ ಎಂಬಲ್ಲಿ ಮಗ ಕಟ್ಟಿಸಿದ ಮನೆಯಲ್ಲಿ ಮೂರು ವಾರ ಮಾತು ತೊದಲುತ್ತ ಮಲಗಿರುತ್ತಾನೆ.

ಮರ್ಯಾ ಹಗಲು ರಾತ್ರಿ ಅವನ ಸೇವೆ ಮಾಡುತ್ತಾಳೆ. ಟಾಲ್‌ಸ್ಟಾಯ್ ಇಲ್ಲೊಂದು ಮಾತು ಬರೆಯುತ್ತಾನೆ: ಅವಳು ಅಪ್ಪನ ಮುಖ ನೋಡುತ್ತಿದ್ದುದು ಚೇತರಿಕೆಯ ಗುರುತಿಗಾಗಿ ಅಲ್ಲ, ಎಷ್ಟೋ ಸಲ ಕೊನೆ ಹತ್ತಿರವಾದ ಗುರುತಿಗಾಗಿ. ಹಾಗೆ ಬಯಸುತ್ತಿರುವುದು ಅವಳಿಗೇ ಗೊತ್ತಾಗಿ ನಡುಗುತ್ತಾಳೆ. ಪುಸ್ತಕ ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಮಳೆ ನೋಡಿದೆ. ನಮ್ಮ ತಂದೆ ಹಾಸಿಗೆ ಹಿಡಿದಿದ್ದಾಗ ನನ್ನೊಳಗೆ ಸುಳಿದ, ಯಾರ ಹತ್ತಿರವೂ ಹೇಳದೆ ನುಂಗಿದ ಯೋಚನೆ ಅದು. ಲೇಖಕ ಅದನ್ನು ಹೆಸರಿಟ್ಟು ಹೇಳಿದ. ಆದರೆ ಅದಕ್ಕಾಗಿ ಅವಳನ್ನು ಕೆಟ್ಟವಳೆಂದು ತೋರಿಸಲಿಲ್ಲ.

ಆ ಮೇಲೆ ಅವನು ಅವಳನ್ನು ಕರೆಯುತ್ತಾನೆ. ರಾತ್ರಿಯಿಡೀ ನಿನ್ನನ್ನೇ ಕರೆಯುತ್ತಿದ್ದೆ ಎನ್ನುತ್ತಾನೆ. ಅವಳು ಹೆದರಿ ಬಾಗಿಲ ಹೊರಗೇ ನಿಂತಿದ್ದಳು. ಎಲ್ಲದಕ್ಕೂ ಅವಳಿಗೆ ಕೃತಜ್ಞತೆ ಹೇಳಿ, ಕ್ಷಮಿಸು ಎಂದು, ಮತ್ತೆ ಕೃತಜ್ಞತೆ ಹೇಳಿ ಅಳುತ್ತಾನೆ. ಕೊನೆಗೆ ಇನ್ನೇನೋ ತೊದಲುತ್ತಾನೆ. ಅದು ಅವಳಿಗೆ ಅರ್ಥವಾಗುವುದಿಲ್ಲ, ಹಳೆಯ ಸೇವಕ ತೀಖೋನ್ ಬಿಡಿಸಿ ಹೇಳಬೇಕಾಗುತ್ತದೆ: ನಿನ್ನ ಬಿಳಿಯ ಉಡುಪು ಹಾಕಿಕೊ, ಅದು ನನಗಿಷ್ಟ.

ನಾನು ಅತ್ತುಬಿಟ್ಟೆ. ಸಂಜೆ ಕರೆಂಟ್ ಬಂದ ಮೇಲೆ ಶಿವಮೊಗ್ಗದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ.

“ಸಾಯುವ ಹೊತ್ತಿಗೆ ಎಲ್ಲರೂ ಮೆತ್ತಗಾಗುತ್ತಾರೆ. ಅದರಲ್ಲೇನು ವಿಶೇಷ?” ಎಂದಳು.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಈ ಒಂದು ಘಟನೆಯನ್ನು ಕಿತ್ತು ತಂದು ಹೇಳಿದರೆ ಅದು ಅಷ್ಟೇ. ಹಾಗಾಗಿ ಹಿಂದಕ್ಕೆ ಹೋದೆ. ಆರು ವರ್ಷಗಳ ಹಿಂದೆ, ಆಸ್ಟರ್ಲಿಟ್ಜ್ ಯುದ್ಧದಲ್ಲಿ ಆಂದ್ರೇ ಸತ್ತನೆಂದೇ ಮುದುಕ ನಂಬಿದ್ದ ದಿನ. ಅವನು ಲೇತ್ ಮುಂದೆ ನಿಂತಿದ್ದಾನೆ. ಮಗಳು ಒಳಗೆ ಬರುತ್ತಾಳೆ. ಅವನು ಕೈ ತೆಗೆದರೂ ಚಕ್ರ ತನ್ನ ವೇಗಕ್ಕೆ ತಿರುಗುತ್ತಲೇ ಇದೆ, ಅದರ ಕಿರಗುಟ್ಟುವ ಸದ್ದು ಅವಳ ನೆನಪಿನಲ್ಲಿ ಬಹುಕಾಲ ಉಳಿಯುತ್ತದೆ. ಸುದ್ದಿ ಕೇಳಿದ್ದೇ ಅವಳು ಹೆದರಿಕೆಯನ್ನೆಲ್ಲ ಮರೆತು ಅಪ್ಪನ ಕೈ ಹಿಡಿದು, ನನ್ನಿಂದ ಮುಖ ತಿರುಗಿಸಬೇಡಿ, ಜೊತೆಯಲ್ಲಿ ಅಳೋಣ ಎಂದು ಬೇಡುತ್ತಾಳೆ. ಅವನು ಮುಖ ಸರಿಸಿಕೊಂಡು ಶತ್ರುಗಳನ್ನೂ ತನ್ನವರನ್ನೂ ಬೈಯುತ್ತ ಕೂಗಾಡುತ್ತಾನೆ. ಅಂದು ಮಗಳು ಬೇಡಿದ್ದನ್ನು ಅವನು ಕೊಟ್ಟದ್ದು ಬೊಗುಚಾರೊವೊದ ಹಾಸಿಗೆಯಲ್ಲಿ. ಓದುವವರೂ ಅಲ್ಲಿಯವರೆಗೆ ನೂರಾರು ಪುಟ ಕಾಯಬೇಕು. ನಡುವೆ ಬೇರೆಯವರ ಮದುವೆ, ಬೇಟೆ, ಜೂಜು, ನೃತ್ಯ ಎಲ್ಲ ನಡೆದುಹೋಗುತ್ತವೆ, ಲೇತ್ ಚಕ್ರ ನಮಗೂ ಮರೆತೇ ಹೋಗಿರುತ್ತದೆ. ದೊಡ್ಡ ಕಾದಂಬರಿಯ ಉದ್ದ ದಂಡವಲ್ಲ ಎಂದು ನನಗೆ ಮನದಟ್ಟಾದದ್ದು ಇಲ್ಲಿ. ಸಣ್ಣ ಕಥೆಯೂ ಸಾವನ್ನು ತೋರಿಸಬಲ್ಲದು. ಆದರೆ ಇಷ್ಟು ಹಳೆಯ ಬಾಕಿ ತೀರುವುದನ್ನು ತೋರಿಸಲು, ಅದನ್ನು ಹೊತ್ತು ನಡೆದ ಕಾಲವನ್ನು ಓದುಗರೂ ಕಳೆದಿರಬೇಕು.

ಅಕ್ಕ ಲೇತ್ ಕಥೆಯನ್ನು ಪೂರ್ತಿ ಕೇಳಿದಳು. “ಆ ಹುಡುಗಿ ಅಪ್ಪ ಬೇಗ ಹೋಗಲಿ ಅಂದುಕೊಂಡಳು ಅಂದೆಯಲ್ಲ, ನಿನಗೂ ಹಾಗೆ ಅನ್ನಿಸಿತ್ತೇ?” ಎಂದು ಕೇಳಿದಳು.

“ಹೂಂ.”

“ನನಗೂ ಅನ್ನಿಸಿತ್ತು ಕಣೇ.”

ತಂದೆ ಹೋಗಿ ಇಷ್ಟು ವರ್ಷವಾದರೂ ನಾವಿಬ್ಬರೂ ಆಡಿರದ ಮಾತು ಅದು. ಆ ರಾತ್ರಿ ಬಹಳ ಹೊತ್ತು ಅವರ ಬಗ್ಗೆ ಮಾತಾಡಿದೆವು, ಅವರ ಕೋಪದ ಬಗ್ಗೆಯೂ.

ಮರ್ಯಾಳಿಗೆ ಟಾಲ್‌ಸ್ಟಾಯ್ ತನ್ನ ತಾಯಿ ಮರಿಯಾಳ ಛಾಯೆ ಕೊಟ್ಟಿದ್ದಾನೆ, ಮುದುಕನಿಗೆ ತಾಯಿಯ ತಂದೆ ನಿಕೊಲಾಯ್ ವೊಲ್ಕೊನ್‌ಸ್ಕಿಯ ಛಾಯೆ. ತಾಯಿ 1830ರಲ್ಲಿ ತೀರಿಕೊಂಡಾಗ ಅವನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಇದು ತಿಳಿದ ಮೇಲೆ ಮರ್ಯಾಳ ಕಣ್ಣುಗಳ ವರ್ಣನೆಗೆ ಮತ್ತೆ ಹೋದೆ. ಮುಖ ಸಾಧಾರಣ, ಕಣ್ಣು ಮಾತ್ರ ಬೆಳಕು ತುಂಬಿದ್ದು. ಕನ್ನಡಿ ನೋಡಿಕೊಳ್ಳುವಾಗ ಅವಳ ಮುಖಭಾವವೇ ಬದಲಾಗುವುದರಿಂದ ಆ ಚೆಲುವು ಅವಳಿಗೇ ಕಂಡಿರುವುದಿಲ್ಲ. ನೆನಪಿಗೂ ಸಿಗದ ತಾಯಿಯನ್ನು ಒಬ್ಬ ಮಗ ಇಷ್ಟು ದೀರ್ಘವಾಗಿ, ಇಷ್ಟು ಪ್ರೀತಿಯಿಂದ ಊಹಿಸಿಕೊಂಡದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಉಪಸಂಹಾರದ ಎರಡನೆಯ ಭಾಗದಲ್ಲಿ ಇತಿಹಾಸದ ಕಾರಣಗಳ ಕುರಿತ ಚರ್ಚೆಯಿದೆ. ಅದನ್ನು ನಿಧಾನವಾಗಿ ಓದಿದೆ, ಆದರೆ ಅದು ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿಲ್ಲ. ನಿಂತಿರುವುದು ಮೊದಲ ಭಾಗ. ಅದರಲ್ಲಿ ಮರ್ಯಾ ನಿಕೊಲಾಯ್ ರೊಸ್ತೋವ್‌ನ ಹೆಂಡತಿ, ಮಕ್ಕಳ ತಾಯಿ. ಮಕ್ಕಳ ನಡವಳಿಕೆಯ ಬಗ್ಗೆ ದಿನಚರಿ ಬರೆಯುತ್ತಾಳೆ, ಗಂಡ ಅದನ್ನು ತೆಗೆದುಕೊಂಡು ಓದುತ್ತಾನೆ. ಪುಟ್ಟ ಮೀತ್ಯಾ ಊಟದ ಮೇಜಿನಲ್ಲಿ ತುಂಟತನ ಮಾಡಿದನೆಂದು ಅವನಿಗೆ ಸಿಹಿ ಕೊಡಕೂಡದೆಂದು ಅಪ್ಪ ಹೇಳಿದ್ದ. ಉಳಿದವರು ತಿನ್ನುವಾಗ ಹುಡುಗ ಆಸೆಯಿಂದ, ದೈನ್ಯದಿಂದ ನೋಡುತ್ತಿದ್ದ. ಸಿಹಿ ಕೊಡದೆ ಶಿಕ್ಷಿಸಿದರೆ ಆಸೆಬುರುಕತನ ಬೆಳೆಯುತ್ತದೆಂದು ಅವಳಿಗನ್ನಿಸುತ್ತದೆ. ರೇಖಾಗಣಿತದ ಮೇಜಿನ ಮುಂದೆ ನಡುಗುತ್ತ ಬೆಳೆದ ಹುಡುಗಿ ಅದರ ಕೆಳಗೆ ಬರೆದುಕೊಂಡಿದ್ದಾಳೆ: ನಿಕೊಲಾಯ್‌ಗೆ ಇದನ್ನು ಹೇಳಬೇಕು.