ಸಣ್ಣ ತಂತಿಯ ಓಣಿ

"ನಿಮ್ಮ ಊರಾಗೂ ಇಂಥಾ ಸಣ್ಣ ತಂತಿ ಓಣಿ ಇರಬೇಕಲ್ಲ?"

ಕೇಳಿದ್ದು ಇಂಗ್ಲಿಷಿನಲ್ಲೇ, ನನ್ನ ಕಿವಿಗೆ ಬಿದ್ದದ್ದು ಮಾತ್ರ ವಿಜಯಪುರದ ಮಾತಿನಲ್ಲಿ. ಕೇಳಿದವರು ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಎರಡು ಬೀದಿ ಆಚೆಗಿರುವ ಆಫ್ರಿಕನ್ ಅಮೆರಿಕನ್ ಅಜ್ಜಿ. ನಮ್ಮ ಜಿಲ್ಲೆಯ ಬಿಸಿಲು, ಗಾಳಿಯಂತ್ರಗಳ ಬಗ್ಗೆ ನನ್ನ ಬಡಾಯಿ ಮುಗಿಯಲೆಂದೇ ಕಾದಿದ್ದರೇನೋ. ಕೈಯಲ್ಲಿ ವಿದ್ಯುತ್ ಕಂಪನಿಯ ಪತ್ರ: ನಿಮ್ಮ ಬೀದಿಯ ಲೈನು ಸದ್ಯಕ್ಕೆ ಇಷ್ಟು ಸೋಲಾರ್ ಕರೆಂಟ್ ತಾಳದು, ಪರಿಶೀಲನೆ ಆಗುವವರೆಗೆ ಕಾಯಿರಿ.

ಯಾವ ಬಡಾವಣೆಗೆ ಸೋಲಾರ್ ಎಷ್ಟು ತಲುಪಿದೆ ಎಂದು ಇಲ್ಲಿ ಅಳೆದವರಿದ್ದಾರೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಆದಾಯ ಒಂದೇ ಇದ್ದರೂ ಕಪ್ಪು ಜನ ಬಹುಸಂಖ್ಯಾತರಾಗಿರುವ ಬಡಾವಣೆಗಳಲ್ಲಿ ಛಾವಣಿ ಸೋಲಾರ್ ಶೇ. 69ರಷ್ಟು ಕಡಿಮೆ, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ ಜನರ) ಬಡಾವಣೆಗಳಲ್ಲಿ ಶೇ. 30. ಹೋಲಿಸಿದ್ದು ಯಾರೂ ಬಹುಸಂಖ್ಯಾತರಲ್ಲದ ಬಡಾವಣೆಗಳೊಂದಿಗೆ. ಬಾಡಿಗೆ ಮನೆಯವರು ಜಾಸ್ತಿ, ಅದಕ್ಕೇ ಹಾಗೆ ಅನ್ನುವವರುಂಟು. ಸ್ವಂತ ಮನೆಯ ಲೆಕ್ಕ ಹಿಡಿದರೂ ಕಪ್ಪು ಬಡಾವಣೆಗಳ ಕೊರತೆ ಶೇ. 61ಕ್ಕೆ ಇಳಿಯಿತು, ಅಷ್ಟೇ. 2021ರಲ್ಲಿ ಕ್ಯಾಲಿಫೋರ್ನಿಯಾದ ಲೈನುಗಳನ್ನೇ ನೋಡಿದವರಿಗೆ, ಕಪ್ಪು ಜನ ಹೆಚ್ಚಿದ್ದಷ್ಟೂ ತಂತಿಗೆ ಸೋಲಾರ್ ಹೊರುವ ಶಕ್ತಿ ಕಡಿಮೆ ಎಂದು ಕಂಡಿತು. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆ ಇಂಥ ಬಡಾವಣೆಗಳಿಗೆ, ಸಾಲ ಕೊಡುವುದು ಅಪಾಯ ಎಂದು, ನಕಾಶೆಯಲ್ಲಿ ಕೆಂಪು ಬಣ್ಣ ಬಳಿದಿತ್ತು. ಪಶ್ಚಿಮ ಓಕ್ಲೆಂಡೂ ಅದರಲ್ಲಿತ್ತು. ಎಲ್ಲ ತಪ್ಪನ್ನೂ ನಕಾಶೆಯ ತಲೆಗೆ ಕಟ್ಟಲಾಗದು. ಆದರೆ ಸಾಲ ಹೋಗದ ಕಡೆ ಹೊಸ ಮನೆ ಏಳುವುದಿಲ್ಲ, ಹೊಸ ಲೋಡ್ ಬರುವುದಿಲ್ಲ, ದೊಡ್ಡ ಟಿಸಿಯೂ (ಟ್ರಾನ್ಸ್‌ಫಾರ್ಮರ್) ಬರುವುದಿಲ್ಲ.

ಲೈನು ಒಪ್ಪಿದರೂ ಮನೆಯ ಮೇನ್ ಬೋರ್ಡ್ ಒಪ್ಪಬೇಕು. ಹಳೆಯ ಮನೆಗಳಲ್ಲಿ ಅದು 100 ಆಂಪಿಯರಿನದು. ನಿಯಮದ ಪ್ರಕಾರ ಲೈನಿನದು, ಸೋಲಾರಿನದು ಎರಡೂ ಸೇರಿ ಬೋರ್ಡಿನ ಶೇ. 120ರವರೆಗೆ ಹೋಗಬಹುದು, ಅಂದರೆ ಸೋಲಾರಿಗೆ 20 ಆಂಪಿಯರಿನ ಬ್ರೇಕರ್. ಸತತವಾಗಿ ಹರಿಯಬಹುದಾದದ್ದು 16. 240 ವೋಲ್ಟಿಗೆ ಗುಣಿಸಿದರೆ 3.8 ಕಿಲೋವ್ಯಾಟ್. ಹೆಚ್ಚು ಬೇಕೆಂದರೆ 200 ಆಂಪಿಯರಿನ ಬೋರ್ಡ್, ಸಾವಿರಾರು ಡಾಲರ್. ಶೇ. 30ರ ತೆರಿಗೆ ರಿಯಾಯಿತಿ ಇತ್ತು, ಆದರೆ ತೆರಿಗೆಯೇ ಬಾರದ ಪಿಂಚಣಿದಾರರಿಗೆ ಅದರಿಂದ ನಯಾಪೈಸೆ ಬರಲಿಲ್ಲ. 2025ರ ಡಿಸೆಂಬರಿಗೆ ಅದೂ ಮುಗಿಯಿತು. ಇಂಥವರ ಬಾಗಿಲಿಗೆ ಬರುವವನು ಪ್ಯಾನೆಲ್ ಬಾಡಿಗೆಗೆ ಕೊಡುವ ಲೀಸ್ ಮಾರುವ ಹುಡುಗ. 25 ವರ್ಷದ ಕರಾರು, ವರ್ಷಕ್ಕೆ ಶೇ. 2.9 ಏರಿಕೆ: ತಿಂಗಳಿಗೆ 120 ಡಾಲರಿನಿಂದ ಶುರುವಾದದ್ದು ಕೊನೆಯ ವರ್ಷ 238. ಏರಿಕೆಯ ಸಾಲು ಎಲ್ಲಿದೆ ಎಂದು ಹುಡುಕಿಯೇ ಸಹಿ ಮಾಡಬೇಕು. ಅಜ್ಜಿ ಅವನನ್ನು ವಾಪಸ್ ಕಳಿಸಿದ್ದಾರೆ. ಈಗ ಚಿಕ್ಕ ಇನ್ವರ್ಟರ್ (ಪ್ಯಾನೆಲಿನ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ), ಲೈನಿಗೆ ಬಿಡುವ ಕರೆಂಟಿಗೆ ಮಿತಿ ಹಾಕಿ ಮತ್ತೆ ಅರ್ಜಿ ಹಾಕುವ ಯೋಚನೆ.

ನಮ್ಮ ಕಡೆ? ಬಣ್ಣ ಬೇರೆ, ಜಾತಿ ಬೇರೆ, ಗೊತ್ತು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ. ಜಾತಿ ಅಡ್ಡ ಬರುವುದಿಲ್ಲ. ಬೇಕಾದದ್ದು ಸ್ವಂತ ಮನೆ, ಕರೆಂಟ್ ಸಂಪರ್ಕ, ನೆರಳಿಲ್ಲದ ಸುಮಾರು 300 ಚದರಡಿ ಛಾವಣಿ. ಗೌಡರ ಓಣಿಯ ಆರ್‌ಸಿಸಿ ಮನೆಗೆ ಅದೇನು ಮಹಾ. ಕೇರಿಯಲ್ಲಿ ತಗಡು, ಇಲ್ಲವೇ ಹಳೆಯ ಮಣ್ಣಿನ ಮಾಳಿಗೆ. ಮೇಲ್ಮುದ್ದೆಯಲ್ಲಿ, ಅಂದರೆ ಮೇಲೆ ಮೆತ್ತಿದ ಮಣ್ಣಿನಲ್ಲಿ, ಬೋಲ್ಟ್ ನಿಲ್ಲುವುದಿಲ್ಲ. ಸಿಮೆಂಟಿನ ಗಟ್ಟಿ ಇಟ್ಟರೆ ಜಂತಿ ಬಾಗುತ್ತದೆ, ಮೊದಲ ಮಳೆಗೇ ಸೋರುತ್ತದೆ. ಹಕ್ಕುಪತ್ರ ಇದ್ದರೆ ಅದು ತೀರಿಹೋದ ಅಜ್ಜನ ಹೆಸರಿನಲ್ಲಿ. ಹೊಲದಲ್ಲಿ ಗಾಳಿಯಂತ್ರ ಕೂರಿಸಿದ್ದಕ್ಕೆ ಬರುವ ದುಡ್ಡೂ ಅಷ್ಟೇ, ಉತಾರದಲ್ಲಿ (ಪಹಣಿ) ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಜೋಳ ಕೊಯ್ಯುವವರಿಗೆ ಅವತ್ತಿನ ಕೂಲಿ.

ಇನ್ನು ತಂತಿ. ಕೇರಿ ಲೈನಿನ ತುದಿಗಿದ್ದರೆ ಸಂಜೆ ಎಲ್ಲರ ಲೋಡ್ ಬಿದ್ದಾಗ ವೋಲ್ಟೇಜ್ ಕುಸಿದು ಬಲ್ಬು ಕೆಂಪಗಾಗುತ್ತದೆ. ಅದೇ ಸಣ್ಣ ತಂತಿಗೆ ಮಧ್ಯಾಹ್ನ ಸೋಲಾರ್ ಕರೆಂಟ್ ನೂಕಿದರೆ ವೋಲ್ಟೇಜ್ ಏರುತ್ತದೆ, ಮಿತಿ ದಾಟಿದ ಕೂಡಲೇ ಇನ್ವರ್ಟರ್ ತಾನೇ ಬಂದ್. ಪ್ಯಾನೆಲ್ ಕೆಟ್ಟಿತೆಂದು ಹಾಕಿದವನನ್ನು ಬೈಯುತ್ತಾರೆ. ಡಿಸ್‌ಪ್ಲೇಯಲ್ಲಿ ಎಸಿ ವೋಲ್ಟೇಜ್ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

"ಇದೆ" ಎಂದೆ ಅಜ್ಜಿಗೆ. ಟಿಸಿಯಿಂದ ಎಷ್ಟು ಕಂಬ ದೂರ ಎಂದು ಕೇಳಿದರು. ಎಣಿಸಿರಲಿಲ್ಲ. ಆ ಕಡೆ ನಮ್ಮನ್ನು ಕಳಿಸುತ್ತಲೇ ಇರಲಿಲ್ಲ.