ಕುಣಿದವರು ಯಾರ ಮನೆಗೆ ಹೋಗುತ್ತಾರೆ?

ಕೆಳಮನೆಯ ಅಜ್ಜಿ ಕೇಳಿದ ಪ್ರಶ್ನೆಯೊಂದು ಜೂನ್ ಮುಗಿದರೂ ನನ್ನನ್ನು ಬಿಟ್ಟಿಲ್ಲ.

ಷಿಕಾಗೋದ ಹಳೇ ಇಟ್ಟಿಗೆ ಕಟ್ಟಡದಲ್ಲಿ ನಾವು ನಡುಮಹಡಿ, ಅವರು ನೆಲಮಹಡಿ. ವಯಸ್ಸು ಎಪ್ಪತ್ತು ದಾಟಿದೆ. ಜೀವನವಿಡೀ ನಾಟಕದವರಿಗೆ ಬಟ್ಟೆ ಹೊಲಿದವರು. ನನ್ನ ಮಗಳು ಶಾಲೆಯಿಂದ ಬಂದವಳೇ ಅವರ ಹೊಲಿಗೆ ಮೇಜಿನ ಕೆಳಗೆ ಕೂತು ಚಮಕಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ಹಾಕುತ್ತಾಳೆ. "ಪ್ರೈಡ್ ತಿಂಗಳಲ್ಲಿ ನಮ್ಮವರ ಬರ್ಲೆಸ್ಕ್ ಇದೆ, ಬಾ" ಅಂತ ಅಜ್ಜಿ ಕರೆದಾಗ ಹೂಂ ಅಂದುಬಿಟ್ಟೆ. ಇಲ್ಲಿ ಜೂನ್ ಎಂದರೆ ಪ್ರೈಡ್ ತಿಂಗಳು, ಸಲಿಂಗಿಗಳೂ ಲಿಂಗತ್ವ ಅಲ್ಪಸಂಖ್ಯಾತರೂ ತಾವಿರುವುದನ್ನು ಹೆಮ್ಮೆಯಿಂದ ಆಚರಿಸುವ ತಿಂಗಳು. ಕನ್ನಡದ ಗೆಳತಿಯೊಬ್ಬಳಿಗೆ ಹೇಳಿದರೆ, "ಬಟ್ಟೆ ಬಿಚ್ಚಿ ಕುಣಿಯೋದಲ್ವೇನೇ ಅದು? ಅಂಥಾ ಕಡೆ ಹೋಗ್ತೀಯಾ?" ಅಂದಳು.

ಬಟ್ಟೆ ಬಿಚ್ಚುವುದು ಹೌದು. ಆದರೆ ಈ ಕಲೆ ಅಮೆರಿಕದಲ್ಲಿ ಸುದ್ದಿ ಮಾಡಿದ್ದು ಬಟ್ಟೆ ಬಿಚ್ಚಿದ್ದಕ್ಕಲ್ಲ, ಹಾಕಿಕೊಂಡಿದ್ದಕ್ಕೆ. 1868ರಲ್ಲಿ ಲಿಡಿಯಾ ಥಾಂಪ್ಸನ್ ಇಂಗ್ಲೆಂಡಿನಿಂದ ತನ್ನ ತಂಡ ಕಟ್ಟಿಕೊಂಡು ನ್ಯೂಯಾರ್ಕಿಗೆ ಬಂದಳು. ಹೆಂಗಸರೇ ಗಂಡುವೇಷ ಹಾಕಿ, ಬಿಗಿ ಕಾಲುಚೀಲ ತೊಟ್ಟು, ದೊಡ್ಡ ಮನುಷ್ಯರನ್ನು ಗೇಲಿ ಮಾಡಿದರು. ಜನ ಮುಗಿಬಿದ್ದರು, ಪತ್ರಿಕೆಗಳು ಬೈದವು. ಬಿಚ್ಚುವ ಕುಣಿತ ಸೇರಿಕೊಂಡಿದ್ದು ಆಮೇಲೆ. ನಮ್ಮ ಷಿಕಾಗೋದಲ್ಲೇ 1933ರ ವಿಶ್ವಮೇಳದಲ್ಲಿ ಸ್ಯಾಲಿ ರ‍್ಯಾಂಡ್ ಎರಡು ದೊಡ್ಡ ಉಷ್ಟ್ರಪಕ್ಷಿಯ ಗರಿ ಬೀಸಣಿಗೆಗಳ ಮರೆಯಲ್ಲಿ ಕುಣಿದಳು. ಪೊಲೀಸರು ಮತ್ತೆ ಮತ್ತೆ ಹಿಡಿದೊಯ್ದರೂ ಬಿಡಿಸಿಕೊಂಡು ಬಂದು ಮತ್ತೆ ಕುಣಿದಳು. 1990ರ ದಶಕದಲ್ಲಿ ಹೊಸಬರು ಈ ಕಲೆಗೆ ಮತ್ತೆ ಜೀವ ಕೊಟ್ಟ ಮೇಲೆ ದಪ್ಪಗಿದ್ದವರು, ಮುದುಕರು, ಗಂಡು-ಹೆಣ್ಣು ಎಂಬ ಎರಡು ಡಬ್ಬಿಯಲ್ಲಿ ಹಿಡಿಸದವರು ಎಲ್ಲರೂ ರಂಗ ಹತ್ತಿದರು.

ಹಾಲ್‌ಸ್ಟೆಡ್ ಬೀದಿಯಲ್ಲಿ 1998ರಿಂದ ಕಾಮನಬಿಲ್ಲಿನ ಬಣ್ಣದ ಪಟ್ಟಿಯಿರುವ ಕಂಬಗಳು ನಿಂತಿವೆ. ಅಲ್ಲಿಗೆ ಹತ್ತಿರದ ಬಾರೊಂದರ ಹಿಂದಿನ ಹಾಲಿನಲ್ಲಿ ಪ್ರದರ್ಶನ. ಆ ಸಂಜೆಯ ವಸ್ತು ಬಣ್ಣ. 1978ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಗಿಲ್ಬರ್ಟ್ ಬೇಕರ್ ಮತ್ತು ಸಂಗಾತಿಗಳು ಮಾಡಿದ ಮೊದಲ ಪ್ರೈಡ್ ಬಾವುಟಕ್ಕೆ ಎಂಟು ಬಣ್ಣವಿತ್ತು, ಒಂದೊಂದಕ್ಕೂ ಒಂದೊಂದು ಅರ್ಥ: ಕೆಂಪು ಜೀವ, ಹಳದಿ ಬಿಸಿಲು, ಹಸಿರು ಪ್ರಕೃತಿ ಹೀಗೆ. ಢಾಳು ಗುಲಾಬಿ ಬಟ್ಟೆ ಬೇಕಾದಷ್ಟು ಸಿಗದೆ ಮೊದಲು ಅದು ಹೋಯಿತು, ಆಮೇಲೆ ವೈಡೂರ್ಯದ ನೀಲಿಯೂ ಹೋಗಿ ಈಗಿನ ಆರು ಉಳಿದವು. ಇಲ್ಲಿ ಎಂಟಕ್ಕೂ ಒಂದೊಂದು ಕುಣಿತ.

ನಿರೂಪಕಿ ಮೊದಲೇ ಕಟ್ಟಪ್ಪಣೆ ಮಾಡಿದಳು: ಯಾರೂ ಮುಟ್ಟಬಾರದು, ಕೇಳದೆ ಫೋಟೋ ತೆಗೆಯಬಾರದು, ಸುಮ್ಮನೆ ಮಾತ್ರ ಕೂರಬಾರದು. ಕೂಗದಿದ್ದರೆ ಕುಣಿಯುವವರಿಗೆ ಅವಮಾನವಂತೆ. ಕಂಪನಿ ನಾಟಕಕ್ಕೆ ಸಿಳ್ಳೆ ಹೊಡೆಯುವುದನ್ನು ಕೇಳುತ್ತಾ ಬೆಳೆದ ಹೊಸಪೇಟೆಯವಳು ನಾನು, ಕೂಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಕಿತ್ತಳೆ ಬಣ್ಣಕ್ಕೆ ವಾಸಿಯಾಗುವುದು ಎಂಬ ಅರ್ಥ. ಆ ಬಣ್ಣಕ್ಕೆ ಬಂದವರು ಐವತ್ತರ ಆಸುಪಾಸಿನ ವ್ಯಕ್ತಿ; ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುತ್ತಿರುವವರು. ಆಸ್ಪತ್ರೆಯ ಅಂಗಿ ತೊಟ್ಟು ಬಂದರು. ಮೊದಲು ಕೈಗವಸು. ಒಂದೊಂದೇ ಬೆರಳನ್ನು ಹಲ್ಲಿನಿಂದ ಎಳೆದು, ಎಳೆದದ್ದನ್ನು ಮತ್ತೆ ಸಿಕ್ಕಿಸಿ, ಜನರನ್ನು ಕಾಯಿಸಿ ಕಾಯಿಸಿ ತೆಗೆದರು. ಆಮೇಲೆ ಬೆನ್ನಿನ ಲಾಡಿ ಬಿಚ್ಚಿ ಅಂಗಿ ಬಿಟ್ಟರು. ಎದೆಯ ಎರಡೂ ಬದಿ ಶಸ್ತ್ರಚಿಕಿತ್ಸೆಯ ಗಾಯದ ಗೆರೆ. ಆ ಗೆರೆಯುದ್ದಕ್ಕೂ ಕಿತ್ತಳೆ ಚಮಕಿ ಒತ್ತೊತ್ತಾಗಿ ಅಂಟಿಸಿತ್ತು. ಮುಚ್ಚಿಡಬೇಕು ಅಂತ ಲೋಕ ಹೇಳುವುದನ್ನೇ ದೀಪದ ಕೆಳಗೆ ಹಿಡಿದು ನಿಂತರು. ಹಾಲೆಲ್ಲ ಎದ್ದು ನಿಂತಿತು. ನನಗೆ ಕಣ್ಣು ತುಂಬಿತು. ಆ ಚಮಕಿ ನನ್ನ ಮಗಳು ಆರಿಸಿಟ್ಟ ಡಬ್ಬಿಯದು.

ಬರ್ಲೆಸ್ಕಿನಲ್ಲಿ ಕುಣಿಯುವವರು ಎಸೆದ ಬಟ್ಟೆಯನ್ನು ಹೆಕ್ಕಲೆಂದೇ ಒಬ್ಬರಿರುತ್ತಾರೆ. ಅಂದು ಆ ಕೆಲಸ ನಮ್ಮ ಅಜ್ಜಿಯದು. ಬೆಳ್ಳಿ ಮಣಿಯ ಕರಿ ನಿಲುವಂಗಿ ತೊಟ್ಟು, ಪ್ರತಿ ಕುಣಿತವಾದ ಮೇಲೆ ಬಂದು, ಕೈಗವಸು, ಗರಿಯ ಶಾಲು ಎಲ್ಲವನ್ನೂ ಒಂದೊಂದಾಗಿ ತೋಳಿನ ಮೇಲೆ ಹಾಕಿಕೊಂಡು ಸೊಂಟ ಆಡಿಸುತ್ತಾ ಒಳಗೆ ಹೋಗುತ್ತಿದ್ದರು. ಜನ ಅವರಿಗೂ ಅಷ್ಟೇ ಕೂಗಿದರು.

ವಾಪಸು ಬರುವಾಗ ಕಾರಿನಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ನಮ್ಮಲ್ಲೂ ಇದೆ ಅಂತ ಹೇಳಿಕೊಂಡೆ. 1958ರಲ್ಲೇ ಹೆಂಗಸರದೇ ನಾಟಕ ಮಂಡಳಿ ಕಟ್ಟಿ ಕಂಸ, ರಾವಣನ ಪಾತ್ರ ಹಾಕಿದ ಮೈಸೂರಿನ ಆರ್. ನಾಗರತ್ನಮ್ಮನವರ ಬಗ್ಗೆ ಹೇಳಿದೆ. ನಮ್ಮ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ರಾಜ್ಯದ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋಗಿ, ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ನಿವಾಳಿಸಿದ್ದು ಎಲ್ಲ ಹೇಳಿದೆ. ಗಂಡಾಗಿ ಹುಟ್ಟಿ ಹೆಣ್ಣಾದವರನ್ನು ಎಲ್ಲಮ್ಮ ತನ್ನವರೆಂದು ಕರೆಸಿಕೊಳ್ಳುತ್ತಾಳೆ, ಅವರು ದೇವಿಗೆ ಮುಡಿಪಾದ ಗುರುತಿಗೆ ಮುತ್ತು ಕಟ್ಟಿಸಿಕೊಂಡು ಜೋಗತಿಯರಾಗುತ್ತಾರೆ, ತಲೆಯ ಮೇಲೆ ಕೊಡ ಹೊತ್ತು, ಕೈಯಲ್ಲಿ ಹಿಡಿಯದೆ, ಚೌಡಿಕೆ ವಾದ್ಯದ ತಾಳಕ್ಕೆ ಕುಣಿಯುತ್ತಾರೆ, ನಾವು ಅವರ ಕಾಲು ಮುಟ್ಟಿ ನಮಸ್ಕರಿಸುತ್ತೇವೆ ಅಂದೆ.

ಅಜ್ಜಿ ಮನಸಿಟ್ಟು ಕೇಳಿದರು. ಮಡಿಲಲ್ಲಿ ಬಟ್ಟೆಯ ಚೀಲವಿತ್ತು. "ಕುಣಿದಾದ ಮೇಲೆ ಅವರು ಯಾರ ಮನೆಗೆ ಹೋಗುತ್ತಾರೆ?" ಅಂತ ಕೇಳಿದರು.

ಅವರು ಚುಚ್ಚಲು ಕೇಳಿದ್ದಲ್ಲ. ಹರೆಯದಲ್ಲಿ ಅವರಿಗೂ ಅವರ ಸಂಗಾತಿಗೂ ಈ ಊರಿನಲ್ಲಿ ಯಾರೂ ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲವಂತೆ. ಇಲಿನಾಯ್ ರಾಜ್ಯ 1961ರಲ್ಲೇ, ದೇಶದಲ್ಲೇ ಮೊದಲಿಗೆ, ಸಲಿಂಗ ಸಂಬಂಧ ಅಪರಾಧವೆಂಬ ಕಾನೂನನ್ನು ತೆಗೆದುಹಾಕಿತ್ತು. ಆದರೂ ರಾತ್ರಿ ದುಡ್ಡು ಕೊಟ್ಟು ಇಂಥವರ ಕುಣಿತ ನೋಡಿದವರೇ ಬೆಳಿಗ್ಗೆ ಬಾಗಿಲು ತೆರೆಯುತ್ತಿರಲಿಲ್ಲ. ಅಕ್ಕತಂಗಿ ಎಂದು ಸುಳ್ಳು ಹೇಳಿ ಸೇರಿಕೊಂಡ ಮನೆಯಲ್ಲಿ ಹೆದರುತ್ತಲೇ ವರ್ಷಗಳನ್ನು ಕಳೆದರು. 2014ರಲ್ಲಿ ಇಲ್ಲಿ ಮದುವೆಗೆ ಅವಕಾಶವಾದಾಗ ಮದುವೆಯಾದರು. ಸಂಗಾತಿ ಈಗಿಲ್ಲ. ಅವರಿಗೆ ಮನೆ ಎಂದರೆ ಏನೆಂದು ಗೊತ್ತು, ಅದಕ್ಕೇ ಕೇಳಿದರು.

ನಮ್ಮ ಓಣಿಯ ಹುಡುಗನೊಬ್ಬ ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವನು. ಹೆಣ್ಣಿನ ಹಾಗೆ ನಡೆಯುತ್ತಾನೆಂದು ಹೊಡೆತ ತಿಂದು ತಿಂದು, ಕಡೆಗೆ ಹುಲಿಗೆಮ್ಮನ ಗುಡಿಯಿರುವ ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು ಬಂದ. ಬಂದವಳು ಅನ್ನಬೇಕು. ಅಲ್ಲಿಯವರೆಗೆ ಬೈಯುತ್ತಿದ್ದ ಓಣಿಯೇ ಮಂಗಳವಾರ, ಶುಕ್ರವಾರ ಅವಳ ಕಾಲಿಗೆ ಬಿದ್ದಿತು. ಅಮ್ಮ ಮೊರದ ತುಂಬ ಜೋಳ ತಂದು ಜೋಳಿಗೆಗೆ ಹಾಕುತ್ತಿದ್ದಳು, ಅರಿಶಿನ ಕುಂಕುಮ ಕೊಡುತ್ತಿದ್ದಳು. ನೀರು ಕೇಳಿದರೆ ತಂಬಿಗೆಯನ್ನು ಮೇಲೆತ್ತಿ ಬೊಗಸೆಗೆ ಹಾಕುತ್ತಿದ್ದಳು. ಹೊಸ್ತಿಲು ದಾಟಿ ಒಳಗೆ ಬಾ ಎಂದಿದ್ದನ್ನು ನಾನು ಕೇಳಿಲ್ಲ. ಅವಳ ಹೆತ್ತ ತಾಯಿಯೂ ಊಟವನ್ನು ಕಟ್ಟೆಯ ಮೇಲೆಯೇ ಇಡುತ್ತಿದ್ದಳು.

ಮನೆಯಿಂದ ಹೊರಬಿದ್ದು ಭಿಕ್ಷೆ ಬೇಡಿದ ದಿನಗಳನ್ನು ಮಂಜಮ್ಮನವರೇ ಹೇಳಿಕೊಂಡಿದ್ದಾರೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟಿತು. ಬೆಂಗಳೂರಿನಲ್ಲಿ 2008ರಿಂದ ಪ್ರೈಡ್ ನಡಿಗೆಯೂ ಇದೆ. ಇವೆಲ್ಲ ದೊಡ್ಡ ಸಂಗತಿಗಳೇ, ನನಗೆ ನಿಜಕ್ಕೂ ಹೆಮ್ಮೆಯಿದೆ. ಆದರೆ ನೌಕರಿ ಸಿಕ್ಕವಳು ಮನೆ ಹುಡುಕಿಕೊಂಡು ಬಂದರೆ ಬಾಗಿಲು ತೆರೆಯಬೇಕಾದವರು ನಾವು.

ಮರುದಿನ ಅಮ್ಮನಿಗೆ ಫೋನು ಮಾಡಿ, ನಮ್ಮ ಓಣಿಯ ಆ ಜೋಗತಿ ಎಲ್ಲಿ ಮಲಗುತ್ತಿದ್ದಳು ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಗುಡಿ ಕಟ್ಟಿ ಮ್ಯಾಲೆ ಇರಬೇಕವ್ವಾ. ಮಳಿ ಬಂದ್ರ ಬಸ್ ಸ್ಟ್ಯಾಂಡಿನಾಗ. ಯಾರೂ ಕೇಳಲಿಲ್ಲ ನೋಡು," ಅಂದಳು. ಅವಳು ಈಗ ಬೇರೆ ಇಬ್ಬರು ಜೋಗತಿಯರ ಜೊತೆ ಊರ ಹೊರಗೆ ತಗಡಿನ ಶೆಡ್ಡಿನಲ್ಲಿದ್ದಾಳಂತೆ. ಊರೊಳಗೆ ಮನೆ ಕೇಳಿ ಸಾಕಾಗಿದೆಯಂತೆ.

ನಮ್ಮ ಹೊಸಪೇಟೆಯ ಮನೆಯ ಹಿಂದಿನ ಎರಡು ಕೋಣೆ ಖಾಲಿಯಿದೆ. ಅವರಿಗೇ ಬಾಡಿಗೆಗೆ ಕೊಡೋಣ ಅಂತ ಅಣ್ಣನಿಗೆ ಹೇಳಿದ್ದೇನೆ. "ಮಂದಿ ಏನಂತಾರವ್ವಾ" ಅಂದ. ಅಮ್ಮ ನನ್ನ ಕಡೆ ಇದ್ದಾಳೆ, ಅಣ್ಣ ಇನ್ನೂ ಒಪ್ಪಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಮನೆಯ ಖಾತೆಯಲ್ಲಿ ನನ್ನ ಹೆಸರೂ ಇದೆ. ವಾರಕ್ಕೊಮ್ಮೆ ಕೇಳುತ್ತಲೇ ಇದ್ದೇನೆ.