ಅವನನ್ನೇಕೆ ಬಿಟ್ಟರು?

ಭಾರತದ ಪುರುಷರ ಹಾಕಿ ತಂಡ ಯಾವ ದೊಡ್ಡ ಟೂರ್ನಿಗೆ ಪ್ರಕಟವಾದರೂ ನನಗೆ ಬರುವ ಪ್ರಶ್ನೆ ಒಂದೇ: ‘ಅಷ್ಟು ಚೆನ್ನಾಗಿ ಆಡುತ್ತಿದ್ದವನನ್ನು ಬಿಟ್ಟು ಇವನನ್ನೇಕೆ ತೆಗೆದುಕೊಂಡರು?’ ಬಿಟ್ಟುಹೋದವರ ಹೆಸರು ಪ್ರತಿ ಸಲ ಬದಲಾಗುತ್ತದೆ, ಕೇಳುವವರ ಸಿಟ್ಟು ಬದಲಾಗುವುದಿಲ್ಲ. ಹಾಕಿಯ ಬಗ್ಗೆ ನಾಲ್ಕಕ್ಷರ ಬರೆಯುತ್ತೇನೆ ಎಂಬ ಒಂದೇ ಕಾರಣಕ್ಕೆ ಆಯ್ಕೆ ಸಮಿತಿಯ ಪಾಪದಲ್ಲಿ ನನಗೂ ಪಾಲಿದೆ ಎಂದು ಕೆಲವರು ನಂಬಿದಂತಿದೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಮೇಲು.

ನನ್ನ ಉತ್ತರ ಇಷ್ಟು: ಆಯ್ಕೆಗಾರರು ದೇಶದ ಅತ್ಯುತ್ತಮ ಆಟಗಾರರನ್ನು ಒಂದರಿಂದ ಹದಿನಾರರವರೆಗೆ ಎಣಿಸಿ ಗೆರೆ ಎಳೆಯುವುದಿಲ್ಲ. ಮೈದಾನದಲ್ಲಿ ನಡೆಯಲೇಬೇಕಾದ ಕೆಲಸಗಳನ್ನು ಮೊದಲು ಬರೆದುಕೊಂಡು, ಆ ಕೆಲಸಗಳಿಗೆ ಜನರನ್ನು ಹುಡುಕುತ್ತಾರೆ. ಪಟ್ಟಿಯನ್ನು ಹೀಗೆ ಓದಿದರೆ ವಿಚಿತ್ರವೆನಿಸಿದ ಅರ್ಧದಷ್ಟು ಹೆಸರುಗಳಿಗೆ ಅರ್ಥ ಸಿಗುತ್ತದೆ. ಉಳಿದ ಅರ್ಧದ ಬಗ್ಗೆ ಆಮೇಲೆ ಜಗಳವಾಡೋಣ.

ಮೊದಲು ಜಾಗದ ಲೆಕ್ಕ. ಕಳೆದ ವಿಶ್ವಕಪ್‌ಗಳಿಗೆ 18 ಮಂದಿಯನ್ನು ಕರೆದೊಯ್ದಿದ್ದರೆ, ಒಲಿಂಪಿಕ್ಸ್‌ಗೆ ಸಿಗುವುದು 16 ಜಾಗ. ಮೈದಾನದಲ್ಲಿ ಆಡುವವರು 11, ಅಂದರೆ ಬೆಂಚಿನಲ್ಲಿ ಉಳಿಯುವವರು ಐವರೇ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು; ಹದಿನೈದು ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಲ್ಲಿ ಫಾರ್ವರ್ಡ್‌ಗಳು ಕೆಲವೇ ನಿಮಿಷ ಜೀವ ಬಿಟ್ಟು ಓಡಿ ಹೊರಬಂದು, ಉಸಿರು ಸುಧಾರಿಸಿಕೊಂಡು ಮತ್ತೆ ಒಳಗೆ ಹೋಗುತ್ತಾರೆ. ಹೀಗಾಗಿ ಬೆಂಚಿನಲ್ಲಿರುವವನು ಸುಮ್ಮನೆ ಕುಳಿತವನಲ್ಲ, ಅವನೂ ಪಂದ್ಯದ ಗಣನೀಯ ಭಾಗ ಆಡುವವನೇ. ಮ್ಯಾಜಿಕ್ ಮಾಡಿ ಮರೆಯಾಗುವ ವಿಶೇಷ ಪ್ರತಿಭೆಯೊಬ್ಬನನ್ನು ಇಟ್ಟುಕೊಳ್ಳುವ ಶ್ರೀಮಂತಿಕೆ ಈ ಲೆಕ್ಕದಲ್ಲಿ ಇಲ್ಲ.

ಇದರ ಮೊದಲ ಬಿಸಿ ತಟ್ಟುವುದು ಎರಡನೇ ಗೋಲ್‌ಕೀಪರ್‌ಗೆ. ಇತರ ಟೂರ್ನಿಗಳಲ್ಲಿ ಶ್ರೀಜೇಶ್ ಮತ್ತು ಕೃಷನ್ ಪಾಠಕ್ ಒಂದೇ ಪಂದ್ಯವನ್ನು ಎರಡೆರಡು ಕ್ವಾರ್ಟರ್‌ಗಳಂತೆ ಹಂಚಿಕೊಂಡು ಆಡಿದ್ದನ್ನು ನೋಡಿದ್ದವರಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಪಟ್ಟಿಯಲ್ಲಿ ಪಾಠಕ್ ಹದಿನಾರರ ಹೊರಗಿನ ಮೀಸಲು ಆಟಗಾರನಾಗಿದ್ದು ಅನ್ಯಾಯವೆನಿಸಿತು. ಆದರೆ ಹದಿನಾರರಲ್ಲಿ ಇಬ್ಬರು ಗೋಲ್‌ಕೀಪರ್‌ಗಳನ್ನು ಇಟ್ಟರೆ ಓಡುವ ಕಾಲುಗಳಲ್ಲಿ ಒಂದು ಜೊತೆ ಕಡಿಮೆಯಾಗುತ್ತದೆ. ಪಾಠಕ್ ಅವರ ಆಟದಲ್ಲಿ ಯಾವ ದೋಷವೂ ಇರಲಿಲ್ಲ. ಅವರ ಕೆಲಸಕ್ಕೆ ಇದ್ದದ್ದು ಒಂದೇ ಕುರ್ಚಿ.

ಇನ್ನು ಪೆನಾಲ್ಟಿ ಕಾರ್ನರ್, ಅಂದರೆ ಗೋಲಿನ ಮುಂದಿನ ವೃತ್ತದೊಳಗೆ ರಕ್ಷಣಾ ತಂಡ ತಪ್ಪು ಮಾಡಿದಾಗ ಎದುರಾಳಿಗೆ ಸಿಗುವ ಗೋಲಿನ ಅವಕಾಶ. ಆಯ್ಕೆಯ ನಿಜವಾದ ಜಟಿಲತೆ ಇರುವುದು ಇಲ್ಲಿ, ಟಿವಿಯಲ್ಲಿ ಆಟ ನೋಡುವವರು ಅತಿ ಕಡಿಮೆ ಗಮನಿಸುವುದೂ ಇದನ್ನೇ. ಪೆನಾಲ್ಟಿ ಕಾರ್ನರ್ ಎಂದರೆ ನಮಗೆ ಕಾಣುವುದು ಚೆಂಡನ್ನು ಕೋಲಿನಿಂದ ಎಳೆದು ಗೋಲಿನತ್ತ ಚಿಮ್ಮಿಸುವ ಡ್ರ್ಯಾಗ್‌ಫ್ಲಿಕ್ಕರ್ ಒಬ್ಬನೇ. ಅವನ ಹಿಂದೆ, ಅಂತಿಮ ಗೆರೆಯಿಂದ ಚೆಂಡನ್ನು ರಭಸವಾಗಿ, ನೇರವಾಗಿ, ಪುಟಿಯದಂತೆ ತಳ್ಳುವ ಇಂಜೆಕ್ಟರ್ ಇದ್ದಾನೆ. ಅದನ್ನು ವೃತ್ತದ ಅಂಚಿನಲ್ಲಿ ಸತ್ತ ಚೆಂಡಿನಂತೆ ನಿಲ್ಲಿಸುವ ಸ್ಟಾಪರ್ ಇದ್ದಾನೆ. ತಳ್ಳುವಿಕೆ ಒಂದು ಗೇಣು ಅತ್ತಿತ್ತ ಹೋದರೂ ಜಗತ್ತಿನ ಶ್ರೇಷ್ಠ ಫ್ಲಿಕ್ಕರ್ ಕೈಚೆಲ್ಲಬೇಕಾಗುತ್ತದೆ. ಫಾರ್ವರ್ಡ್ ಎಂದು ಪಟ್ಟಿಯಲ್ಲಿ ನಮೂದಾಗಿರುವವನು ನಾಲ್ಕು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯದೆ ತಂಡದಲ್ಲಿ ಉಳಿದಿದ್ದರೆ, ಇಂಜೆಕ್ಷನ್ ಯಾರು ಮಾಡುತ್ತಿದ್ದಾರೆ ಎಂದು ಒಮ್ಮೆ ನೋಡಿ.

ನಿಯಮವೊಂದು ಇದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಅಂಪೈರ್ ಪೆನಾಲ್ಟಿ ಕಾರ್ನರ್ ಕೊಟ್ಟ ಕ್ಷಣದಿಂದ ಅದು ಮುಗಿಯುವವರೆಗೆ, ರಕ್ಷಣಾ ತಂಡದ ಗೋಲ್‌ಕೀಪರ್ ಗಾಯಗೊಂಡಂತಹ ಸಂದರ್ಭ ಬಿಟ್ಟರೆ, ಯಾರನ್ನೂ ಬದಲಿಸುವಂತಿಲ್ಲ. ಮುಖ್ಯ ಫ್ಲಿಕ್ಕರ್ ಆ ಹೊತ್ತಿಗೆ ಬೆಂಚಿನಲ್ಲಿ ನೀರು ಕುಡಿಯುತ್ತಿದ್ದರೆ ಅಲ್ಲೇ ಕುಳಿತು ನೋಡಬೇಕು. ಹಾಗಾಗಿ ಎರಡನೆಯ, ಸಾಧ್ಯವಾದರೆ ಮೂರನೆಯ ಫ್ಲಿಕ್ಕರ್ ಬೇಕು. ರಿಯೊ ಒಲಿಂಪಿಕ್ಸ್‌ಗೆ ಹೋದ ಹದಿನಾರರಲ್ಲಿ ವಿ.ಆರ್. ರಘುನಾಥ್, ರೂಪಿಂದರ್ ಪಾಲ್ ಸಿಂಗ್, ಹರ್ಮನ್‌ಪ್ರೀತ್ ಸಿಂಗ್ ಮೂವರೂ ಇದ್ದದ್ದು ಈ ಲೆಕ್ಕದಿಂದಲೇ. ಪ್ಯಾರಿಸ್‌ನಲ್ಲಿ ಭಾರತ ಗಳಿಸಿದ 15 ಗೋಲುಗಳಲ್ಲಿ 10 ಹರ್ಮನ್‌ಪ್ರೀತ್ ಅವರವು. ಮೂರನೇ ಎರಡು ಭಾಗ ಗೋಲುಗಳು ಒಬ್ಬನ ಕೋಲಿನಿಂದ ಬರುವ ತಂಡದಲ್ಲಿ ಫಾರ್ವರ್ಡ್‌ನ ಕೆಲಸವೇ ಬೇರೆಯಾಗುತ್ತದೆ. ಅವನು ಗೋಲು ಹೊಡೆಯುವುದು ಬೋನಸ್. ವೃತ್ತದೊಳಗೆ ನುಗ್ಗಿ ಎದುರಾಳಿಯ ಪಾದಕ್ಕೆ ಚೆಂಡು ತಗಲುವಂತೆ ಮಾಡಿ ಕಾರ್ನರ್ ತಂದುಕೊಟ್ಟರೆ ಅವನ ಸಂಬಳ ಸಂದಂತೆ. ಗೋಲಿನ ಪಟ್ಟಿ ನೋಡಿ ಫಾರ್ವರ್ಡ್‌ನನ್ನು ಅಳೆಯುವವರಿಗೆ ಈ ದುಡಿಮೆ ಕಾಣುವುದಿಲ್ಲ.

ಕಾರ್ನರ್ ತಡೆಯುವ ಕಡೆಗೂ ಬನ್ನಿ. ಗೋಲ್‌ಕೀಪರ್ ಸೇರಿ ಐವರು ಮಾತ್ರ ರಕ್ಷಣೆಗೆ ನಿಲ್ಲಬಹುದು. ಅವರಲ್ಲಿ ಒಬ್ಬ ಮುಖವಾಡ, ಮೊಣಕಾಲು ಕವಚ ತೊಟ್ಟು ನೇರವಾಗಿ ಫ್ಲಿಕ್ಕರ್‌ನ ಮೇಲೆಯೇ ನುಗ್ಗುತ್ತಾನೆ. ಅವನೇ ಮೊದಲ ರಷರ್. ಎದುರಿನಿಂದ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರಬಹುದಾದ ಚೆಂಡಿಗೆ ತಾನಾಗಿ ಮೈ ಒಡ್ಡುವ ಈ ಕೆಲಸಕ್ಕೆ ಧೈರ್ಯ ಸಾಲದು, ಕೋನದ ಲೆಕ್ಕವೂ ಬೇಕು. ಭಾರತಕ್ಕೆ ಅಮಿತ್ ರೋಹಿದಾಸ್ ವರ್ಷಗಳಿಂದ ಇದನ್ನು ಮಾಡಿಕೊಂಡು ಬಂದರು. ಪ್ಯಾರಿಸ್ ಕ್ವಾರ್ಟರ್ ಫೈನಲ್‌ನಲ್ಲಿ ಗ್ರೇಟ್ ಬ್ರಿಟನ್ ವಿರುದ್ಧ ಅವರಿಗೆ ಕೆಂಪು ಕಾರ್ಡ್ ಬಂತು. 40 ನಿಮಿಷಕ್ಕೂ ಹೆಚ್ಚು ಹೊತ್ತು ಹತ್ತೇ ಮಂದಿ ಆಡಿ 1–1ರಲ್ಲಿ ಉಳಿಸಿಕೊಂಡು, ಶೂಟೌಟ್‌ನಲ್ಲಿ 4–2ರಿಂದ ಗೆದ್ದದ್ದನ್ನು ಎಲ್ಲರೂ ನೆನೆಯುತ್ತಾರೆ. ಮಿಡ್‌ಫೀಲ್ಡರ್ ಮನ್‌ಪ್ರೀತ್ ಸಿಂಗ್ ಅಂದು ಹಿಂದಕ್ಕೆ ಇಳಿದು ಡಿಫೆಂಡರ್‌ನ ಜಾಗ ತುಂಬಿದ್ದನ್ನು ನೆನೆಯುವವರು ಕಡಿಮೆ. ‘ಮನ್‌ಪ್ರೀತ್ ವಯಸ್ಸಾಯಿತು, ಹೊಸಬರಿಗೆ ಜಾಗ ಬಿಡಲಿ’ ಎಂದು ಆ ಬೇಸಿಗೆಯಲ್ಲಿ ನನ್ನೊಡನೆ ವಾದಿಸಿದವರು ಆಮೇಲೆ ಸದ್ದಿಲ್ಲದೆ ವಿಷಯ ಬದಲಿಸಿದರು. ಎರಡು ಸಾಲಿನಲ್ಲಿ ಆಡಬಲ್ಲವನು ಒಂದೇ ಸಾಲಿನ ಪ್ರವೀಣನಿಗಿಂತ ಮೊದಲು ವಿಮಾನ ಹತ್ತುವುದು ಇಂಥ ದಿನಗಳಿಗಾಗಿ.

ಅಮಾನತಿನ ಕಾರಣ ರೋಹಿದಾಸ್ ಸೆಮಿಫೈನಲ್ ಆಡಲಾಗಲಿಲ್ಲ. ಮೀಸಲು ಆಟಗಾರರು ಪ್ಯಾರಿಸ್‌ನಲ್ಲೇ ಇದ್ದರೂ ಅಮಾನತಾದವನ ಜಾಗಕ್ಕೆ ಅವರನ್ನು ಇಳಿಸುವಂತಿರಲಿಲ್ಲ. ಜರ್ಮನಿ ವಿರುದ್ಧ ಭಾರತದ ಬಳಿ ಉಳಿದದ್ದು ಹದಿನೈದೇ ಮಂದಿ. ಪಂದ್ಯ 2–3ರಿಂದ ಕೈತಪ್ಪಿತು. ಆ ದಿನ ಜರ್ಮನಿಗೆ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ತಂದುಕೊಟ್ಟವರು ಗೊನ್ಸಾಲೊ ಪೆಯ್ಯಾತ್. 2016ರಲ್ಲಿ ಅರ್ಜೆಂಟೀನಾ ಒಲಿಂಪಿಕ್ ಚಿನ್ನ ಗೆದ್ದಾಗ ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದ ಅದೇ ಪೆಯ್ಯಾತ್! ಆಯ್ಕೆಯ ಪ್ರಶ್ನೆ ದೇಶದ ಗಡಿಯನ್ನೂ ದಾಟಬಲ್ಲದು.

ಹಾಗಾದರೆ ಆಯ್ಕೆಗಾರರು ಯಾವಾಗಲೂ ಸರಿಯೇ ಎಂದು ಕೇಳುತ್ತೀರಿ. ಖಂಡಿತ ಇಲ್ಲ. ಟೋಕಿಯೊ ಪಟ್ಟಿಯನ್ನೇ ನೋಡಿ. ಸಿಮ್ರನ್‌ಜೀತ್ ಸಿಂಗ್ ಮೊದಲ ಹದಿನಾರರಲ್ಲಿ ಇರಲಿಲ್ಲ. ಕೋವಿಡ್ ಕಾರಣದಿಂದ ಆ ಒಲಿಂಪಿಕ್ಸ್‌ಗೆ ಮಾತ್ರ ನಿಯಮ ಸಡಿಲಿಸಿ, ಮೀಸಲು ಆಟಗಾರರನ್ನೂ ಸೇರಿಸಿಕೊಂಡು ಪ್ರತಿ ಪಂದ್ಯಕ್ಕೂ ಹದಿನಾರು ಮಂದಿಯನ್ನು ಆರಿಸಲು ಅವಕಾಶ ಕೊಟ್ಟರು. ಕಂಚಿನ ಪಂದ್ಯದಲ್ಲಿ ಜರ್ಮನಿ ಎದುರು 1–3ರಿಂದ ಹಿಂದಿದ್ದ ಭಾರತ 5–4ರಿಂದ ಗೆದ್ದಿತು. ಅದರಲ್ಲಿ ಎರಡು ಗೋಲು ಸಿಮ್ರನ್‌ಜೀತ್ ಅವರವು. ಸಾಮಾನ್ಯ ನಿಯಮವಿದ್ದಿದ್ದರೆ, ಯಾರಾದರೂ ಗಾಯಗೊಳ್ಳದ ಹೊರತು ಆತ ಆ ಪಂದ್ಯವನ್ನು ಪ್ರೇಕ್ಷಕನಾಗಿ ನೋಡುತ್ತಿದ್ದರು. ಪ್ಯಾರಿಸ್‌ನಲ್ಲಿ ಮೀಸಲಿನಲ್ಲಿದ್ದ ಜುಗರಾಜ್ ಸಿಂಗ್ ಮುಂದಿನ ತಿಂಗಳೇ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಚೀನಾ ವಿರುದ್ಧದ ಏಕೈಕ ಗೋಲು ಹೊಡೆದರು. ಹದಿನಾರನೆಯವನಿಗೂ ಹದಿನೇಳನೆಯವನಿಗೂ ನಡುವೆ ಇರುವ ಅಂತರ ಎಷ್ಟೋ ಸಲ ಕೂದಲೆಳೆಯದ್ದು. ಟೋಕಿಯೊಗೆ ಆಕಾಶ್‌ದೀಪ್ ಸಿಂಗ್ ಅವರನ್ನು ಬಿಟ್ಟದ್ದನ್ನು ನಾನು ಇಂದಿಗೂ ಒಪ್ಪಿಲ್ಲ. ಬಿಗಿಯಾದ ರಕ್ಷಣೆಯ ನಡುವೆ ಚೆಂಡನ್ನು ಕಾಲ ಬಳಿಯೇ ಇಟ್ಟುಕೊಂಡು ಎರಡು ಕ್ಷಣ ಹೆಚ್ಚು ಗಳಿಸಬಲ್ಲ ಫಾರ್ವರ್ಡ್‌ಗಳು ನಮ್ಮಲ್ಲಿ ಬೆರಳೆಣಿಕೆಯಷ್ಟಿದ್ದಾರೆ. ‘ಪದಕ ಬಂತಲ್ಲ’ ಎಂಬುದು ಇದಕ್ಕೆ ಉತ್ತರವಲ್ಲ. ಪದಕ ಬಂದ ಮಾತ್ರಕ್ಕೆ ಪ್ರತಿ ಹೆಸರೂ ಸರಿಯಾಗಿತ್ತು ಎಂದಾಗುವುದಿಲ್ಲ.

ಗಾಯದ ವಿಷಯದಲ್ಲಿ ಮಾತ್ರ ಯಾರನ್ನೂ ದೂರಲಾರೆ. 2023ರ ಒಡಿಶಾ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮಿಡ್‌ಫೀಲ್ಡರ್ ಹಾರ್ದಿಕ್ ಸಿಂಗ್ ಸ್ನಾಯು ಹಿಡಿದುಕೊಂಡು ಹೊರಬಿದ್ದರು, ಬದಲಿಗೆ ರಾಜ್‌ಕುಮಾರ್ ಪಾಲ್ ಬಂದರು. ನ್ಯೂಜಿಲೆಂಡ್ ವಿರುದ್ಧ 3–1ರ ಮುನ್ನಡೆ ಕರಗಿ, ಶೂಟೌಟ್‌ನಲ್ಲಿ ಸೋತು ಕ್ವಾರ್ಟರ್ ಫೈನಲ್ ಕಾಣದೆ ನಿಂತೆವು. ಹಾರ್ದಿಕ್ ಮಾಡುತ್ತಿದ್ದ ಕೆಲಸವನ್ನು ಹಾಗೆಯೇ ಮಾಡಬಲ್ಲ ಇನ್ನೊಬ್ಬ ಆಗ ದೇಶದಲ್ಲೇ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಪ್ರಶ್ನೆಯ ಬಾಲದಲ್ಲಿ ಸಾಮಾನ್ಯವಾಗಿ ಇನ್ನೊಂದು ಇರುತ್ತದೆ: ‘ಎಲ್ಲ ರಾಜಕೀಯ, ಅಲ್ಲವೇ?’ ಹಿಂದೆ ಆಗಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ 32 ವರ್ಷಗಳ ನಂತರ ಭಾರತಕ್ಕೆ ಚಿನ್ನ ಬಂತು. ಅದರ ಬೆನ್ನಿಗೇ ನಾಯಕ ಧನರಾಜ್ ಪಿಳ್ಳೈ ಹಾಗೂ ಹಲವು ಹಿರಿಯರು ತಂಡದಿಂದ ಹೊರಗುಳಿದರು. ಅಧಿಕೃತವಾಗಿ ಕೇಳಿಬಂದ ಮಾತು ‘ವಿಶ್ರಾಂತಿ’. ಅದನ್ನು ಯಾರೂ ನಂಬಲಿಲ್ಲ. ಇನ್ನೊಂದು ಬದಿಗೆ 1932 ಇದೆ: ಆಯ್ಕೆಗಾಗಿ ನಡೆದ ಅಂತರಪ್ರಾಂತೀಯ ಟೂರ್ನಿಯಲ್ಲಿ ಆಡಲು ಸೇನೆ ಧ್ಯಾನ್‌ಚಂದ್‌ಗೆ ರಜೆ ಕೊಡಲಿಲ್ಲ, ಟ್ರಯಲ್ಸ್ ಆಡದೆಯೇ ಅವರನ್ನು ಲಾಸ್ ಏಂಜಲೀಸ್‌ಗೆ ಆರಿಸಿದರು. ನಿಯಮ ಮುರಿದದ್ದಕ್ಕೆ ಅಂದಿನವರನ್ನು ಇಂದು ಯಾರು ಬೈದಾರು?

ಇಂದಿನ ತೊಂದರೆ ರಾಜಕೀಯಕ್ಕಿಂತ ಹೆಚ್ಚಾಗಿ ಮೌನ. ಸಂಭಾವ್ಯರು ತಿಂಗಳುಗಟ್ಟಲೆ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದ ಶಿಬಿರದಲ್ಲಿ ಬೆವರು ಸುರಿಸುತ್ತಾರೆ, ದಮ್ಮು ಅಳೆಯುವ ಯೋ-ಯೋ ಪರೀಕ್ಷೆಯಲ್ಲಿ ಓಡುತ್ತಾರೆ. ಕೊನೆಗೆ ಪ್ರಕಟಣೆ ಬರುತ್ತದೆ: ‘ಅನುಭವಿಗಳು ಮತ್ತು ಯುವಕರ ಸಮತೋಲಿತ ತಂಡ.’ ಈ ವಾಕ್ಯವನ್ನು ಯಾವ ವರ್ಷದ ಯಾವ ತಂಡಕ್ಕೆ ಬೇಕಾದರೂ ಅಂಟಿಸಬಹುದು. ಐದು ಬಾರಿ ವಿಶ್ವದ ಶ್ರೇಷ್ಠ ಆಟಗಾರ ಎನಿಸಿಕೊಂಡ ಜೇಮಿ ಡ್ವಯರ್ ಅವರನ್ನು ಆಸ್ಟ್ರೇಲಿಯಾ ರಿಯೊಗೆ ಕರೆದೊಯ್ಯಲಿಲ್ಲ. ಆ ತಂಡ ಆರನೇ ಸ್ಥಾನದಲ್ಲಿ ಮುಗಿಸಿತು. ತಪ್ಪು ಎಲ್ಲ ದೇಶದಲ್ಲೂ ಆಗುತ್ತದೆ. ಆದರೆ ‘ನಮಗೆ ಎರಡನೇ ರಷರ್ ಬೇಕಿತ್ತು, ಆದ್ದರಿಂದ ಐದನೇ ಫಾರ್ವರ್ಡ್‌ನನ್ನು ಬಿಟ್ಟೆವು’ ಎಂದು ಕೋಚ್ ಎರಡು ಸಾಲು ಹೇಳಿದರೆ ಹೋಗುವ ಗಂಟೇನು? ಬಿಟ್ಟುಹೋದ ಹುಡುಗನಿಗೆ ಮುಂದಿನ ಶಿಬಿರದಲ್ಲಿ ಯಾವುದನ್ನು ತಿದ್ದಿಕೊಳ್ಳಬೇಕು ಎಂಬುದು ತಿಳಿಯುತ್ತದೆ, ನನ್ನ ಫೋನಿಗೂ ಒಂದಿಷ್ಟು ಬಿಡುವು ಸಿಗುತ್ತದೆ.